ಎಲೆ ಒರೆಸಿದ ವರ್ಷಗಳು

ಮೊನ್ನೆ ಮಹಿಳಾ ಸಂಘದ ಸಭೆಯೊಂದರಲ್ಲಿ ಎಳೆಯ ಹುಡುಗಿಯೊಬ್ಬಳು ಮೈಕು ಹಿಡಿದು ನನ್ನನ್ನು ಕೇಳಿದಳು: "ತೋಟದ ಕೆಲಸ, ಹೆಣಿಗಿ, ಹಾಡು, ಮನಿ, ಎಲ್ಲಾನೂ ಹೆಂಗ ಬ್ಯಾಲೆನ್ಸ್ ಮಾಡಿದ್ರಿ ಅಮ್ಮ?" ಮುಖದ ತುಂಬ ನಗು. ಪಾಪ, ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ಮೈ ಉರಿಯಿತು. ತಕ್ಕಡಿಗೆ ಹಾಕಿ ತೂಗಲು ಅವೇನು ಬದನೆಕಾಯಿಯೇ? ನನ್ನ ಬದುಕಿನಲ್ಲಿ ಒಂದು ಕೆಲಸ ಇನ್ನೊಂದನ್ನು ತಿಂದುಹಾಕಿತು. ಸಭೆಯಲ್ಲಿ ಏನೋ ಹೇಳಿ ತಪ್ಪಿಸಿಕೊಂಡು ಬಂದೆ. ನಿಜವಾದ ಉತ್ತರ ಇಲ್ಲಿದೆ, ಬೇಕಾದರೆ ಓದಿಕೊಳ್ಳಲಿ.

ಹೊಸಪೇಟೆಗೆ ಗಣಿಯ ದುಡ್ಡಿನ ಅಮಲು ಏರಿದ್ದ ಕಾಲ ಅದು. ಸಂಡೂರಿನ ಗುಡ್ಡ ಅಗೆದು ತುಂಬಿಕೊಂಡ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ಮೇಲೆ ತಾಡಪಾಲು ಕಟ್ಟುವಷ್ಟು ಮರ್ಯಾದೆಯೂ ಅವಕ್ಕಿರಲಿಲ್ಲ. ಅದಿರಿನ ಕೆಂಪು ಧೂಳು ರಸ್ತೆ ಬದಿಯ ಇಡ್ಲಿಯ ಮೇಲೆ, ಒಣಹಾಕಿದ ಸೀರೆಯ ಮೇಲೆ, ಮಲಗಿದ ನಾಯಿಯ ಮೇಲೆ ಭೇದವಿಲ್ಲದೆ ಕೂರುತ್ತಿತ್ತು. ಊರಿನ ಅಂಚಿನಲ್ಲಿ ಗಣಿಯವನೊಬ್ಬ ಬಂಗಲೆ ಕಟ್ಟಿಸಿದ. ಅದರ ತೋಟ ನೋಡಿಕೊಳ್ಳಲು ನಾನು ಸೇರಿದೆ. ನನ್ನ ಗಂಡ ಅದಿರು ಲಾರಿಯ ಡ್ರೈವರ್, ಮನೆ ಕಾಣುವುದೇ ಅಪರೂಪ. ಆಗ ನನಗೆ ಸಿಗುತ್ತಿದ್ದ ಇನ್ನೊಂದು ಕೆಲಸವೆಂದರೆ ವಡ್ಡು ಎಂಬ ಹಳ್ಳಿಯ ಕಡೆ ಹೋಗಿ ಅದಿರು ಜರಡಿ ಹಿಡಿಯುವುದು. ಅದಕ್ಕಿಂತ ಗಿಡಗಳ ಸಹವಾಸ ವಾಸಿ ಅಂದುಕೊಂಡೆ.

ನನ್ನ ತವರು ಕಂಪ್ಲಿ. ಭತ್ತದ ನಾಟಿಯ ಗದ್ದೆಯಲ್ಲಿ ನಮ್ಮವ್ವ ಮುಂದಿನ ಹಾಡಿನವಳು. ಮುಂದಿನವಳು ಒಂದು ಸೊಲ್ಲು ಎತ್ತಿದರೆ ಹಿಂದಿನವರು ಅದನ್ನೇ ತಿರುಗಿ ಹೇಳಬೇಕು. ಮುಂದಿನವಳ ಗಂಟಲು ನಿಂತರೆ ಹಾಡೂ ನಿಂತಂತೆಯೇ. ಅವ್ವನ ಹಾಡುಗಳೆಲ್ಲ ನನ್ನ ಬಾಯಿಗೆ ಬಂದಿದ್ದವು. ಹೊಸಪೇಟೆಯ ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ಹೆಂಗಸರ ಭಜನೆ ಇರುತ್ತಿತ್ತು, ಅಲ್ಲಿ ನಾನೇ ಮುಂದಿನವಳು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಜೋಗುಳಕ್ಕೆ ನನಗೇ ಕರೆ. ಗಂಡನ ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಒಂದು ಹಿಡಿ ಮಣ್ಣೂ ಇರಲಿಲ್ಲ, ಗಂಟಲು ಮಾತ್ರ ನನ್ನದಾಗಿತ್ತು.

ಹೆಣಿಗೆ ಕಲಿಸಿದ್ದು ಕಂಪ್ಲಿ ಶಾಲೆಯ ಕ್ರಾಫ್ಟ್ ಟೀಚರು. ಮಧ್ಯಾಹ್ನ ಬುತ್ತಿ ಉಂಡು, ಬಂಗಲೆಯ ಹಿಂದಿನ ಬೇವಿನ ಕೆಳಗೆ ಎರಡು ಕಡ್ಡಿ ಹಿಡಿದು ಕೂತರೆ ನನಗೆ ಲೋಕ ಬೇಡ. ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನನ್ನ ಕೈಯ ಕುಲಾವಿ. ಆ ಬಿಸಿಲಿನಲ್ಲಿ ಉಲ್ಲನ್ ಹೆಣೆಯುವವಳನ್ನು ಕಂಡು ಗೇಟಿನ ವಾಚ್‌ಮನ್ ಕಾಲೆಳೆಯುತ್ತಿದ್ದ. "ಯಾಕವ್ವ, ಕಾಶ್ಮೀರಕ್ಕ ಹೊಂಟೀಯೇನು?"

"ಹೂಂನಪ್ಪಾ, ನಿನ್ನ ಮಾರಿ ಕಾಣದಂಥ ಊರಾದ್ರ ಸಾಕು," ಅನ್ನುತ್ತಿದ್ದೆ.

ಇನ್ನು ಕೆಲಸದ ವಿಷಯ. ತೋಟದ ಕೆಲಸವೆಂದರೆ ಅಗೆಯುವುದು, ಕತ್ತರಿಸುವುದು, ನೀರು ಬಿಡುವುದು ಎಂದು ಹೋದವಳು ನಾನು. ಆ ಬಂಗಲೆಯಲ್ಲಿ ದೊಡ್ಡ ಕೆಲಸವೇ ಬೇರೆ, ಎಲೆಗಳ ಧೂಳು ತೆಗೆಯುವುದು. ಅಮ್ಮಾರಿಗೆ, ಅಂದರೆ ಗಣಿಯವನ ಹೆಂಡತಿಗೆ, ತೋಟ ಹಸಿರಾಗಿ ಕಾಣಬೇಕು. ಅವಳ ಗಂಡ ಗುಡ್ಡ ಅಗೆದು ಊರನ್ನೆಲ್ಲ ಕೆಂಪು ಮಾಡಬಹುದು, ಅವಳ ಕ್ರೋಟನ್ ಗಿಡದ ಮೇಲೆ ಮಾತ್ರ ಆ ಕೆಂಪು ಕೂರಬಾರದು! ಮೊದಲ ವಾರ ಪೈಪು ಹಿಡಿದು ನೇರ ನೀರು ಬಿಟ್ಟೆ. ಧೂಳು ಕೆಸರಾಗಿ ಎಲೆಯ ನರಗಳಿಗೆ ಮೆತ್ತಿಕೊಂಡು ಗಿಡವೆಲ್ಲ ಸಗಣಿ ಸಾರಿಸಿದಂತಾಯಿತು. ಆಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ಮೊದಲು ಒಣಗಿದ್ದಾಗಲೇ ಮೆತ್ತನೆಯ ಪೊರಕೆಯಿಂದ ಧೂಳು ಕೊಡವಬೇಕು, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಕೊನೆಗೆ ನೀರು. ಎಲೆ ಕನ್ನಡಿಯಂತಾಯಿತು. ಅಮ್ಮಾರು ಮೆಚ್ಚಿದಳು, ಮೆಚ್ಚಿ ಅದನ್ನೇ ದಿನದ ಕಟ್ಟಳೆ ಮಾಡಿಬಿಟ್ಟಳು. ಕೊಡವಿದ ಧೂಳು ಎಲ್ಲಿಗೆ ಹೋಗಬೇಕು? ಪೊರಕೆ ಹಿಡಿದವಳ ಮೂಗು ಬಾಯಿಗೇ ಹೋಗುತ್ತಿತ್ತು.

ಮೊದಲು ಕೆಮ್ಮು ಬಂತು. ಶುಂಠಿ, ಕಾಳುಮೆಣಸು, ಜೇನು, ಎಲ್ಲಾ ಆಯಿತು. ಆಮೇಲೊಂದು ಸೋಮವಾರ, ಹಾಡಿನಲ್ಲಿ ನನ್ನ ಹಿಂದೆ ಕೂರುತ್ತಿದ್ದ ಪಕ್ಕದ ಮನೆಯ ಹೆಂಗಸು ಭಜನೆ ಮುಗಿದ ಮೇಲೆ ಹತ್ತಿರ ಬಂದಳು. "ಅಕ್ಕಾ, ಮ್ಯಾಲಿನ ಸೊಲ್ಲಿಗೆ ನಿನ್ನ ದನಿ ಕುಂದ್ರಾಕತ್ತೈತಲ್ಲ," ಅಂದಳು. ಅವಳ ಮೇಲೂ ಸಿಟ್ಟು ಬಂತು. ಸತ್ಯ ಹೇಳಿದವರ ಮೇಲೆ ಮೊದಲು ಬರುವುದು ಸಿಟ್ಟೇ ತಾನೇ. ಆ ಹುಣ್ಣಿಮೆಗೆ ಭಜನೆಯವರೆಲ್ಲ ಕಡ್ಡಿರಾಂಪುರ ದಾಟಿ ಹಂಪಿಗೆ ಹೋದೆವು. ಎರಡು ದಿನ ಹೊಳೆಯ ದಂಡೆಯಲ್ಲಿ, ಬಾಳೆಯ ತೋಟದ ಗಾಳಿಯಲ್ಲಿದ್ದೆ. ಎರಡನೆಯ ದಿನ ಸಂಜೆ ಹಾಡಿದಾಗ ಮೇಲಿನ ಸೊಲ್ಲು ಸಲೀಸಾಗಿ ಬಂತು. ಆಗ ನನಗೆ ಅರ್ಥವಾಯಿತು. ಗಂಟಲಿಗೆ ಬೇರೆ ರೋಗವಿಲ್ಲ, ಬಂಗಲೆಯೇ ರೋಗ.

ವಾಪಸು ಬಂದವಳೇ ಹತ್ತಿಯ ನೂಲು ತಂದು, ಬಿಗಿಯಾಗಿ, ಎರಡು ಪದರ ಮಾಡಿ ಬಾಯಿಗೆ ಕಟ್ಟಿಕೊಳ್ಳುವ ಪಟ್ಟಿ ಹೆಣೆದೆ. ನೀರಿನಲ್ಲಿ ಅದ್ದಿ ಹಿಂಡಿ ಕಟ್ಟಿಕೊಂಡರೆ ಉಸಿರು ತಣ್ಣಗೆ ಬರುತ್ತಿತ್ತು. ಸಂಜೆ ಬಿಚ್ಚಿ ನೋಡಿದರೆ ಹೊರಗಿನ ಪದರ ಕುಂಕುಮದ ಬಣ್ಣ. ಅಷ್ಟೆಲ್ಲ ನನ್ನೊಳಗೆ ಹೋಗಲಿಲ್ಲವಲ್ಲ ಎಂದು ಸಮಾಧಾನ ಪಟ್ಟೆ. ಆ ಸಮಾಧಾನಕ್ಕೂ ಕಲ್ಲು ಬಿತ್ತು. ಅದಿರು ಕೊಳ್ಳಲು ಪರದೇಶದವರು ಬರುವ ದಿನ ಅಮ್ಮಾರು ತೋಟಕ್ಕೆ ಬಂದು ನನ್ನ ಮುಖ ನೋಡಿದಳು.

"ಏನದು ಬಾಯಿಗೆ ಕಟ್ಕಂಡಿದ್ದು?"

"ಧೂಳ್ರೀ ಅಮ್ಮಾರೇ. ಗಂಟಲು ಹೋಗಾಕತ್ತೈತಿ."

"ಬಿಚ್ಚು ಮೊದ್ಲು. ಬಂದೋರು ನೋಡಿ ಏನ್ ತಿಳ್ಕಂತಾರ? ಇವರ ಮನ್ಯಾಗ ಉಸಿರಾಡಾಕೂ ಆಗಂಗಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತಿಯೇನು?"

"ಅವರು ಹೋಗೂತನಕ ಬಿಚ್ತೀನ್ರಿ."

"ಯಾವತ್ತೂ ಬ್ಯಾಡ. ಇದು ಮನಿ, ಗಣಿ ಅಲ್ಲ. ನಮ್ಮ ಧೂಳು ಅಷ್ಟು ಅಸಹ್ಯ ಆದ್ರ ಬ್ಯಾರೆ ಕಡೆ ನೋಡ್ಕೋ."

ಪಟ್ಟಿಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೆಲಸ ಬಿಡಲಿಲ್ಲ ಏಕೆ ಎಂದು ಕೇಳುವವರು ಒಂದು ದಿನ ಅದಿರು ಜರಡಿ ಹಿಡಿದು ಬಂದು ಕೇಳಲಿ. ಅವಳು ಕಾಣದ ಹೊತ್ತು ಕಟ್ಟಿಕೊಳ್ಳುತ್ತಿದ್ದೆ. ಆದರೆ ಅವಳಿಗೆ ಮಾಳಿಗೆಯ ಮೇಲಿಂದ ನೋಡುವ ಚಟ ಹತ್ತಿತು. ಧೂಳು ಕೊಡವುತ್ತ ನಾನು ಬಾಯೊಳಗೇ ಅವಳಿಗೆ ಹಾಕಿದ ಶಾಪಗಳನ್ನು ಕೂಡಿಸಿದ್ದರೆ ಒಂದು ಪುರಾಣವೇ ಆಗುತ್ತಿತ್ತು. ಆ ಬೇಸಿಗೆ ಕಳೆಯುವ ಹೊತ್ತಿಗೆ ನನ್ನ ದನಿ ದಿನಕ್ಕೊಂದು ಥರ. ಒಂದು ದಿನ ತೆರೆದುಕೊಳ್ಳುತ್ತಿತ್ತು, ಮರುದಿನ ಗೊಗ್ಗರು. ತೆರೆದುಕೊಳ್ಳುವ ದಿನಗಳು ಕಡಿಮೆಯಾಗುತ್ತಿವೆ ಎಂದು ನನಗೆ ಗೊತ್ತಾಗುತ್ತಿತ್ತು. ಭಯವಾಗುತ್ತಿತ್ತು. ಅವ್ವನಿಂದ ಬಂದ ಆಸ್ತಿ ಅದೊಂದೇ.

ಅಷ್ಟರಲ್ಲಿ ಅಮ್ಮಾರ ಮಗಳು ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸಾಯಿತು. ಒಂದು ಬೆಳಿಗ್ಗೆ ಅಮ್ಮಾರು ನನ್ನನ್ನು ಪಡಸಾಲೆಗೆ ಕರೆಸಿದಳು. ಅವಳ ದನಿಯಲ್ಲಿ ಎಂದೂ ಇಲ್ಲದ ಬೆಣ್ಣೆ.

"ನೀ ಭಾಳ ಚಂದ ಹೆಣೀತಿಯಂತಲ್ಲ. ತೊಟ್ಟಿಲಿಗೆ ಹೊಂದೂವಂಥದು ಒಂದು ಪರದಿ ಹೆಣಿ. ಸಣ್ಣ ಕಣ್ಣಿರ್ಲಿ, ಗಾಳಿ ಬರಬೇಕು, ಧೂಳ ಬರಬಾರ್ದು. ಎಳೀ ಕೂಸು ನೋಡು, ಈ ಧೂಳು ತಡೀತೈತೇನು?"

ನಾನು ಅವಳ ಮುಖವನ್ನೇ ನೋಡಿದೆ. ನನ್ನ ಬಾಯಿಯ ಪಟ್ಟಿ ಬಿಚ್ಚಿಸಿದ್ದು ಅವಳಿಗೆ ನೆನಪಿತ್ತೇ ಎಂದು ಹುಡುಕಿದೆ. ಇರಲಿಲ್ಲ. ಮರೆತಂತೆ ನಟಿಸಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೂಸಿನ ಮೇಲೆ ನನಗೇನು ಹಗೆ? ಅದು ಕೇಳಿಕೊಂಡು ಆ ಮನೆಯಲ್ಲಿ ಹುಟ್ಟಿದ್ದಲ್ಲ. ನೂಲು ತಂದು, ನನ್ನ ಕೈಯಿಂದ ಅಲ್ಲಿಯವರೆಗೆ ಬಾರದಷ್ಟು ನಯವಾಗಿ ಪರದೆ ಹೆಣೆದು ಕೊಟ್ಟೆ.

ತೊಟ್ಟಿಲ ಕಾರ್ಯದ ದಿನ ಬಂಗಲೆಯ ಪಡಸಾಲೆಯ ತುಂಬ ರೇಷ್ಮೆ ಸೀರೆ. ಬಂದವರಿಗೆಲ್ಲ ಅಮ್ಮಾರು ಪರದೆ ಮುಟ್ಟಿ ಮುಟ್ಟಿ ತೋರಿಸಿದಳು. "ಕೂಸಿಗೆ ಧೂಳು ಸೋಕಬಾರ್ದು ಅಂತ ಹೇಳಿ ಹೆಣಿಸೀನಿ," ಅಂದಳು. ಬಂದವರು ತಲೆದೂಗಿದರು. ಆಮೇಲೆ ಕೂಸಿನ ಸೋದರತ್ತೆ ಮುಂದೆ ಬಂದು ಕಿವಿಯಲ್ಲಿ ಹೆಸರು ಉಸುರಿದಳು. ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದು ಹಾಕಿದರು. ನಮ್ಮ ಕಡೆ ಹೆಸರಿಟ್ಟವಳಿಗೆ ಗುದ್ದು ತಪ್ಪಿದ್ದಲ್ಲ. ಗುದ್ದು ಮುಗಿದ ಮೇಲೆ ಜೋಗುಳ ಎತ್ತಬೇಕು, ತೊಟ್ಟಿಲು ತೂಗಬೇಕು. ಗೋಡೆಗೆ ಒರಗಿ ನಿಂತಿದ್ದ ನನ್ನ ಕಡೆ ಅಮ್ಮಾರು ಬೆರಳು ತೋರಿಸಿದಳು.

"ಇವಳು ನಮ್ಮ ತೋಟದಾಕಿ. ಭಾಳ ಚಂದ ಹಾಡ್ತಾಳ. ಏ, ಬಾ, ಹಾಡು."

ಪರದೆ ಕೂಸಿಗೆ ಕೊಟ್ಟದ್ದು. ಹಾಡು ಆ ಮನೆಗೆ ಕೊಡಬೇಕಾದದ್ದು. ಆ ಮನೆಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

"ಹಾಡಂಗಿಲ್ರೀ," ಅಂದೆ.

"ಯಾಕ? ಗಂಟಲು ಸರಿ ಇಲ್ಲೇನು?" ಎಂದು ಬೀಗರ ಕಡೆಯ ಹಿರಿಯಳೊಬ್ಬಳು ಮೆಲ್ಲಗೆ ಕೇಳಿದಳು.

"ಇವತ್ತು ಸರಿ ಐತ್ರಿ. ಹಾಡಂಗಿಲ್ಲ."

ಅಮ್ಮಾರ ಮುಖ ಕೆಂಪಾಯಿತು. "ಅನ್ನ ಹಾಕಿದ ಮನಿಗೆ ಎರಡು ಬಗೀತಿ," ಅಂದಳು. ನಾಳೆಯಿಂದ ಬರಬೇಡ ಎಂದೂ ಹೇಳಿದಳು, ನಾನು ಆಗಲೇ ಚಪ್ಪಲಿ ಹುಡುಕುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಒಳಗೆ ಯಾರೋ ಸಿ.ಡಿ. ಹಚ್ಚಿ ಜೋಗುಳ ಬಿಟ್ಟಿದ್ದರು.

ಮುಂದಿನ ಸೋಮವಾರ ಭಜನೆಗೆ ಕೂತೆ. ಮೊದಲ ಸೊಲ್ಲು ಬಂತು. ಮೇಲಿನದಕ್ಕೆ ಬಾಯಿ ತೆರೆದರೆ ಬರೀ ಗಾಳಿ ಬಂತು. ಹಿಂದಿನವರು ಕಾದರು, ತಾಳ ತಪ್ಪಿತು. ಪಕ್ಕದ ಮನೆಯವಳು ಹಿಂದಿನಿಂದ ಸೊಲ್ಲನ್ನು ಕೈಗೆತ್ತಿಕೊಂಡು ಹಾಡು ದಡ ಮುಟ್ಟಿಸಿದಳು. ಅಂದಿನಿಂದ ಅವಳೇ ಮುಂದಿನವಳು, ನಾನು ಹಿಂದೆ ಕೂತು ಚಪ್ಪಾಳೆ ತಟ್ಟುತ್ತೇನೆ. ಆಮೇಲೆ ಕಡ್ಡಿರಾಂಪುರದ ಹೋಮ್‌ಸ್ಟೇಯೊಂದರ ತೋಟದಲ್ಲಿ ಕೆಲಸ ಸಿಕ್ಕಿತು, ಗಾಳಿ ಚೆನ್ನಾಗಿತ್ತು. ಮಾತಿನ ದನಿ ಸುಧಾರಿಸಿತು. ಹಾಡಿನ ದನಿ ತಿರುಗಿ ಬರಲಿಲ್ಲ.

ಓಣಿಯ ಹೆಂಗಸರು ಈಗಲೂ ಹೇಳುವುದುಂಟು, ಅವತ್ತು ಬಂಗಲೆಯಲ್ಲಿ ಹಾಡಿದ್ದರೆ ಕೊನೆಯದೊಂದು ಸಲ ಮೇಲಿನ ಸೊಲ್ಲು ಬರುತ್ತಿತ್ತೇನೋ ಅಂತ. ಬರುತ್ತಿತ್ತು. ಬೆಳಿಗ್ಗೆ ಒಲೆಯ ಮುಂದೆ ಗುನುಗಿ ನೋಡಿಕೊಂಡಿದ್ದೆ, ನನಗೆ ಗೊತ್ತಿತ್ತು. ಉಳಿದಿದ್ದ ಆ ಒಂದು ಸೊಲ್ಲು ಆ ಮನೆಯ ಪಾಲಾಗಬಾರದು, ಅದಕ್ಕೇ ಹಾಡಲಿಲ್ಲ.