ಕಾಲುವೆಯ ಒಂದೆಲಗ

"ಅಜ್ಜೀ, ನಿಮ್ಮ ಸೊಪ್ಪು ತಿಂದು ನನ್ನ ಹೊಟ್ಟಿ ಇನ್ನಷ್ಟು ಕೆಟ್ಟೈತ್ರಿ!"

ಅಟ್ಟೂರಿನ ಬಸ್ ಸ್ಟಾಪಿನಲ್ಲಿ ಸೊಪ್ಪು ಹರಡಿಕೊಂಡು ಕೂತಿದ್ದ ನನ್ನ ಮುಂದೆ ಹುಬ್ಬಳ್ಳಿ ಕಡೆಯ ಟೀಚರಮ್ಮ ಬಂದು ನಿಂತಳು. ಜ್ವರಕ್ಕೆ ನುಂಗಿದ ಆಂಟಿಬಯಾಟಿಕ್ ಮಾತ್ರೆಯಿಂದ ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳೂ ಸತ್ತು ಹೊಟ್ಟೆ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದರಂತೆ. ಹಸಿ ಒಂದೆಲಗ ಅರೆದು ಮಜ್ಜಿಗೆಯಲ್ಲಿ ಕುಡಿ, ಮೂರು ದಿನಕ್ಕೆ ಸರಿಹೋಗುತ್ತದೆ ಎಂದು ಹೇಳಿ ಹೋದ ವಾರ ನಾನೇ ಒಂದು ಕಟ್ಟು ಕೊಟ್ಟಿದ್ದೆ.

"ಮಜ್ಜಿಗೆ ಹುಳಿಯಾಗಿತ್ತೇನೋ ಕಣಮ್ಮ," ಎಂದೆ.

"ಮಜ್ಜಿಗಿ ಮ್ಯಾಲೆ ಹಾಕಬ್ಯಾಡ್ರಿ. ಈ ಸೊಪ್ಪು ಎಲ್ಲಿ ಕೊಯ್ತೀರಿ?"

"ಲೇಔಟ್ ಹಿಂದ್ಲ ಕಾಲ್ವೆ ತಾವ. ಅಲ್ಲಿ ಸೊಂಪಾಗಿ ಬರ್ತದೆ."

"ಆ ಮೋರಿ ನೀರಾಗ? ನೀವು ಮನ್ಯಾಗ ಅದನ್ನ ತಿಂತೀರೇನು?"

ನಾನು ಸೊಪ್ಪಿನ ಮೇಲೆ ನೀರು ಚಿಮುಕಿಸತೊಡಗಿದೆ. ನಾವು ತಿನ್ನುವುದು ನಲ್ಲಿಯ ಪಕ್ಕದ ಒಡೆದ ಬಕೆಟ್ಟಿನಲ್ಲಿ ಬೆಳೆದದ್ದನ್ನು. ಉತ್ತರಕ್ಕೆ ಕಾಯದೆ ಆಕೆ ಆಟೋ ಹತ್ತಿ ಡಾಕ್ಟರ ಬಳಿಗೆ ಹೋದಳು.

ಈಗ ಬಕೆಟ್ಟಿನದನ್ನೇ ಮಾರುತ್ತೇನೆ, ದಿನಕ್ಕೆ ಎರಡು ಕಟ್ಟು ಸಿಕ್ಕರೆ ಹೆಚ್ಚು. ಹೊಟ್ಟೆ ಕೆಟ್ಟವರು ಬಂದರೆ ಮೊದಲು ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಟೀಚರಮ್ಮ ಗುಣವಾಗಿ ದಿನವೂ ಇದೇ ಸ್ಟಾಪಿನಲ್ಲಿ ಬಸ್ ಹತ್ತುತ್ತಾಳೆ. ನನ್ನ ಹತ್ತಿರ ಕೊತ್ತಂಬರಿಯನ್ನೂ ಕೊಳ್ಳುವುದಿಲ್ಲ.