ಅಕ್ಕಿಹಿಟ್ಟಿನ ಹಿಮ

ಸದಾನಂದಣ್ಣ ಹಿಮವನ್ನು ಮೊದಲು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದರು. ಸ್ಕೀ ತೊಡುವ ಮುಂಚೆ ಕೈಗವಸು ಬಿಚ್ಚಿ, ಬಗ್ಗಿ ಒಂದು ಚಿಟಿಕೆ ಎತ್ತಿ, ಎರಡು ಬೆರಳ ನಡುವೆ ಉಜ್ಜಿ, ಆಮೇಲೆ ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿಕೊಳ್ಳುವರು. ಪಕ್ಕದಲ್ಲಿ ನಿಂತ ಡಚ್ಚರು ಇದೇನು ಪೂಜೆಯೋ ಎಂಬಂತೆ ನೋಡುತ್ತಿದ್ದರು. ಅಣ್ಣನಿಗೆ ಅದರ ಪರಿವೆಯೇ ಇರಲಿಲ್ಲ. ಕಣ್ಣು ತೆರೆದು ತೀರ್ಪು ಕೊಡುವರು: "ರವೆ." ಮಧ್ಯಾಹ್ನವಾದರೆ, "ಗಂಜಿ."

ಅವರ ಲೆಕ್ಕದಲ್ಲಿ ಹಿಮ ಐದು ಥರ. ಯಂತ್ರ ಓಡಿಸಿ ಗಟ್ಟಿ ಮಾಡಿ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ್ದು ಕಡಪ ಕಲ್ಲು. ಕರಗಿ ಮತ್ತೆ ಗಟ್ಟಿಯಾಗಿ ಕಾಳುಕಾಳಾದದ್ದು ರವೆ. ಮೇಲೆ ತೆಳ್ಳನೆ ಪದರ, ಒಳಗೆ ಮೆತ್ತಗೆ ಇದ್ದರೆ ಹಪ್ಪಳ. ಬಿಸಿಲಿಗೆ ನೀರಾದದ್ದು ಗಂಜಿ. ಐದನೆಯದು, ಆಗಷ್ಟೇ ಬಿದ್ದ, ಊದಿದರೆ ಹಾರುವ, ಮೊಣಕಾಲುದ್ದದ ಹಿಮ. ಅದಕ್ಕೆ ಅವರಿಟ್ಟ ಹೆಸರು ಅಕ್ಕಿಹಿಟ್ಟು.

ಇಷ್ಟೆಲ್ಲ ವಿದ್ಯೆಯ ಮನುಷ್ಯ ವಾಸವಿದ್ದದ್ದು ಹಾಲೆಂಡಿನ ಹೂಫ್‌ಡಾರ್ಪ್‌ನಲ್ಲಿ, ಸಮುದ್ರಮಟ್ಟಕ್ಕಿಂತ ತಗ್ಗಿನ ನೆಲದಲ್ಲಿ. ಅಲ್ಲಿ ಎತ್ತರದ ಜಾಗ ಎಂದರೆ ಹೆದ್ದಾರಿಯ ಮೇಲುಸೇತುವೆ. ಊರು ಉದ್ಯಾವರ, ಕೆಲಸ ವಿಮಾನಗಳ ರಿಪೇರಿಗೆ ವೇಳಾಪಟ್ಟಿ ಹಾಕುವುದು. ಲೈಡನ್ನಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗಣೇಶ ಚತುರ್ಥಿಯ ಊಟದಲ್ಲಿ ಅವರ ಪಕ್ಕ ಕೂತಿದ್ದೆ. ಮೈಸೂರಿನವಳು ಎಂದು ಹೇಳಿದ್ದೇ ತಡ, "ಚಾಮುಂಡಿ ಬೆಟ್ಟ ಹತ್ತಿ ಅಭ್ಯಾಸ ಉಂಟಲ್ಲ, ಇನ್ನು ಇಳೀಲಿಕ್ಕೆ ಕಲಿ" ಎಂದು ಮುಂದಿನ ಶನಿವಾರಕ್ಕೆ ನನ್ನನ್ನು ಗೊತ್ತುಮಾಡಿಬಿಟ್ಟರು. ಪಾಯಸ ಬಡಿಸುತ್ತಿದ್ದ ಅವರ ಹೆಂಡತಿ ಶಶಿ ಅಕ್ಕ, "ಈಗಲೇ ಇಲ್ಲಾಂತ ಹೇಳು. ಆಮೇಲೆ ಹೇಳ್ಲಿಕ್ಕೆ ಆಗೂದಿಲ್ಲ" ಎಂದು ಎಚ್ಚರಿಸಿದರು. ನಾನು ಕೇಳಲಿಲ್ಲ.

ಶನಿವಾರ ಕರೆದೊಯ್ದದ್ದು ಒಂದು ದೊಡ್ಡ ಗೋದಾಮಿನಂಥ ಕಟ್ಟಡಕ್ಕೆ. ಬೆಟ್ಟವಿಲ್ಲದ ದೇಶದವರು ಛಾವಣಿಯ ಕೆಳಗೆ ಇಳಿಜಾರು ಕಟ್ಟಿ, ಯಂತ್ರದಿಂದ ಹಿಮ ಮಾಡಿ ಹಾಸಿದ್ದಾರೆ. ಎಲ್ಲರ ಸ್ಕೀಗಳೂ ಸಪೂರ. ಅಣ್ಣನವು ಮಾತ್ರ ಅಂಗೈಗಿಂತ ಅಗಲ, ಮೂತಿ ದೋಣಿಯ ಹಾಗೆ ಮೇಲೆದ್ದು ನಿಂತಿತ್ತು. ಕ್ರಿಂಗ್‌ಲೋಪ್ ಅಂಗಡಿಯಲ್ಲಿ, ಯಾರೋ ಬಳಸಿ ಬಿಟ್ಟ ಕುರ್ಚಿ, ಲೋಟ, ದೀಪಗಳ ನಡುವೆ ಸಿಕ್ಕಿದ ಪೌಡರ್ ಸ್ಕೀ ಅವು. ಆಳದ ಹಿಮದಲ್ಲಿ ಮುಳುಗದೆ ತೇಲುವುದಕ್ಕೆಂದೇ ಮಾಡಿದಂಥವು. ಗಟ್ಟಿ ನೆಲದಲ್ಲಿ ಅವಕ್ಕೆ ಅಂಚು ಕಚ್ಚುವುದೇ ಕಷ್ಟ. ಅಣ್ಣ ಕರಕರ ಸದ್ದು ಮಾಡುತ್ತಾ, ತಿರುಗಬೇಕಾದಲ್ಲಿ ತಿರುಗದೆ, ಅಡ್ಡಡ್ಡ ಜಾರಿ ಕೆಳಗಿನ ಬಲೆಗೆ ಬಡಿದು ಕೂತರು. ನಾನು ಓಡಿದೆ.

"ಸ್ಕೀಯದ್ದು ತಪ್ಪಿಲ್ಲ" ಎಂದರು ಕೂತಲ್ಲಿಂದಲೇ. "ಕಡಪ ಕಲ್ಲಿನ ಮೇಲೆ ದೋಣಿ ಬಿಟ್ಟದ್ದು ನಾನು. ಇದಕ್ಕೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮಗುಚ್ಲಿಕ್ಕೆ ಪುರುಸೊತ್ತು ಬೇಕು. ಅವಸರ ಮಾಡಿದ್ರೆ ಆಗೂದಿಲ್ಲ."

"ಹಾಗಾದ್ರೆ ಸಪೂರದ್ದು ಬಾಡಿಗೆಗೆ ತಗೋಬಹುದಲ್ಲ ಅಣ್ಣಾ?"

"ಬಾಡಿಗೆಯದ್ದು ಹಾಕಿ ಹೋದ ದಿವಸವೇ ಅಕ್ಕಿಹಿಟ್ಟು ಬಿದ್ರೆ?"

ಇದು ಅವರ ಬದುಕಿನ ಒಂದೇ ಒಂದು ಹಟ ಎಂದು ನನಗೆ ನಿಧಾನವಾಗಿ ಅರ್ಥವಾಯಿತು. ಒಂಬತ್ತು ಚಳಿಗಾಲ ಆ ಸ್ಕೀಗಳನ್ನು ಕಾರಿನ ತಲೆಯ ಮೇಲೆ ಹೇರಿಕೊಂಡು ಆಸ್ಟ್ರಿಯಾಕ್ಕೆ ಹೋಗಿ ಬಂದಿದ್ದರು. ಮಗಳ ಶಾಲೆಗೆ ರಜೆ ಇದ್ದಾಗಲೇ ಹೋಗಬೇಕು, ಅರ್ಧ ಹಾಲೆಂಡ್ ಆಗಲೇ ಹೋಗುತ್ತದೆ. ರವೆ ಸಿಕ್ಕಿತ್ತು, ಗಂಜಿ ಸಿಕ್ಕಿತ್ತು, ಹಪ್ಪಳವಂತೂ ಪಟಪಟ ಒಡೆಯುವಷ್ಟು ಸಿಕ್ಕಿತ್ತು. ಅಕ್ಕಿಹಿಟ್ಟು ಮಾತ್ರ ಒಂದೋ ಅವರು ಬರುವ ಹಿಂದಿನ ವಾರ ಬಿದ್ದಿರುತ್ತಿತ್ತು, ಇಲ್ಲವೇ ಹೊರಟ ಮರುದಿನ. "ಅದರಲ್ಲಿ ಹೋಗುವಾಗ ಎಂತ ಸಹ ಕೇಳೂದಿಲ್ಲಂತೆ ಮಾರಾಯ್ತಿ" ಎನ್ನುತ್ತಿದ್ದರು. "ಬೇರೆ ಎಲ್ಲಾ ಹಿಮ ಸದ್ದು ಮಾಡ್ತದೆ. ಅದು ಮಾಡೂದಿಲ್ಲಂತೆ. ನನಗೆ ಅದೊಂದು ಕೇಳ್ಬೇಕು." ಸದ್ದಿಲ್ಲದ್ದನ್ನು ಕೇಳುವುದು ಹೇಗೆ ಎಂದು ನಾನು ಛೇಡಿಸಿದರೆ, "ಅದಕ್ಕೇ ಹೋಗ್ಬೇಕು ಅಂತ ಹೇಳಿದ್ದು" ಎನ್ನುವರು.

ಹತ್ತನೆಯ ಚಳಿಗಾಲಕ್ಕೆ ನಾನೂ ಜೊತೆಗಿದ್ದೆ. ನಾಲ್ಕನೆಯ ದಿನ ಬೆಳಗ್ಗೆ ಕಿಟಕಿ ತೆರೆದರೆ ಕಾರೇ ಕಾಣುತ್ತಿರಲಿಲ್ಲ. ಅಣ್ಣ ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಮೊದಲ ಲಿಫ್ಟಿನಲ್ಲಿ ಮೇಲೆ ಹೋದೆವು. ಗುರುತಿನ ಕಂಬ ನೆಟ್ಟಿದ್ದರೂ ಯಂತ್ರ ಓಡಿಸದ ಒಂದು ಇಳಿಜಾರು ಅಲ್ಲಿತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ಅವರು ಚಿಟಿಕೆ ಎತ್ತಿ ನಾಲಗೆಗಿಟ್ಟರು. ಆ ಮುಖವನ್ನು ನಾನು ಮರೆಯಲಾರೆ.

"ನೀನು ಮೊದಲು ಹೋಗು. ನಾನು ಹಿಂದಿಂದ ನೋಡ್ತೇನೆ" ಎಂದರು.

ಮೂರನೆಯ ತಿರುವಿನಲ್ಲೇ ನನ್ನ ಸಪೂರ ಸ್ಕೀಗಳು ಹಿಟ್ಟಿನೊಳಗೆ ಮುಳುಗಿ, ನಾನು ಮುಗ್ಗರಿಸಿದೆ. ಎದ್ದು ನೋಡಿದರೆ ಒಂದು ಕಾಲಲ್ಲಿ ಸ್ಕೀ ಇಲ್ಲ. ಜಾರಿ ಕೆಳಗೆ ಹೋಗಿರಬೇಕೆಂದು ಕೆಳಗೆಲ್ಲ ಕೆದಕತೊಡಗಿದೆ.

"ಅಲ್ಲಿ ಅಲ್ಲ, ನಿನಗಿಂತ ಮೇಲೆ ಉಂಟು ಅದು" ಎಂದು ಅಣ್ಣ ಮೇಲಿನಿಂದ ಕೂಗಿದರು. "ನೀನು ಉರುಳಿದ್ದು. ಅದು ಬಿಚ್ಚಿದಲ್ಲೇ ಹುಗಿದು ಕೂತಿರ್ತದೆ." ಸ್ಕೀ ಹಾಕಿಕೊಂಡು ಬಂದರೆ ಹುಗಿದದ್ದರ ಮೇಲೆಯೇ ಹೋದೇನು ಎಂದು ತಮ್ಮವನ್ನು ಬಿಚ್ಚಿ ಮೇಲೆಯೇ ನೆಟ್ಟು, ಸೊಂಟದವರೆಗೆ ಹೂತುಕೊಳ್ಳುತ್ತಾ ಇಳಿದು ಬಂದರು. ಚಿಕ್ಕಂದಿನಲ್ಲಿ ಹೊಳೆಯ ಮರಳಿನಲ್ಲಿ ಕಾಲಿನಿಂದ ತಡವಿ ಮರುವಾಯಿ ಚಿಪ್ಪು ಹೆಕ್ಕಿದವರು. ಅದೇ ರೀತಿ ಈ ಕಡೆಯಿಂದ ಆ ಕಡೆಗೆ ಒಂದು ಸಾಲು, ಅದರ ಮೇಲೆ ಇನ್ನೊಂದು ಸಾಲು ಎಂದು ಬೂಟಿನಿಂದ ತಡವುತ್ತಾ ಹತ್ತಿದರು. ನಮ್ಮ ಎರಡೂ ಬದಿಯಲ್ಲಿ ಜನ ಹೋ ಎಂದು ಕೂಗುತ್ತಾ ಇಳಿದು ಹೋಗುತ್ತಲೇ ಇದ್ದರು. "ಸಾಕು ಅಣ್ಣಾ, ನೀವು ಹೋಗಿ, ನಾನು ನಡ್ಕೊಂಡು ಇಳೀತೀನಿ" ಎಂದೆ. "ಒಂದು ಕಾಲಲ್ಲಾ?" ಎಂದರು, ತಲೆ ಎತ್ತದೆ.

ಸ್ಕೀ ಸಿಕ್ಕುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಬಿಸಿಲು ಬಂದು ಇಳಿಜಾರೆಲ್ಲ ಉತ್ತ ಗದ್ದೆಯಾಗಿತ್ತು. ಅಣ್ಣ ಮೇಲೆ ಹತ್ತಿ, ತಮ್ಮ ಅಗಲದ ಸ್ಕೀ ತೊಟ್ಟು, ಆ ಗಂಜಿಯಲ್ಲಿ ಇಳಿದರು. ಮಧ್ಯಾಹ್ನ ಸೂಪ್ ಕುಡಿಯುತ್ತಾ, "ಗಂಜಿಯಲ್ಲೂ ಚಂದ ಹೋಗ್ತದೆ, ನೋಡಿದೆಯಾ? ಸಪೂರದ್ದಾದ್ರೆ ಸಿಕ್ಕಿ ಬೀಳ್ತಿತ್ತು" ಎಂದರು. ಕ್ಷಮಿಸಿ ಎಂಬ ಒಂದು ಮಾತು ಆ ದಿನ ನನ್ನ ಬಾಯಿಂದ ಹೊರಡಲೇ ಇಲ್ಲ. ಹಾಲೆಂಡಿಗೆ ಮರಳಿದ ಮೇಲೆ ಶಶಿ ಅಕ್ಕ ಹೇಳಿದರು, "ಇವರಿಗೆ ಕೋಪ ಬಂದ್ರೆ ಸಾರಿಗೆ ಉಪ್ಪಿಲ್ಲ ಅಂತ ಹೇಳ್ತಾರೆ. ಈ ಸಲ ಎಂತ ಸಹ ಹೇಳ್ಲಿಲ್ಲ. ಹಿಮದ ಸುದ್ದಿಯೇ ತೆಗೀಲಿಲ್ಲ."

ಹನ್ನೊಂದನೆಯ ಚಳಿಗಾಲ ಬರಲಿಲ್ಲ. ನವೆಂಬರಿನ ಒಂದು ಬೆಳಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಮಂಜುಗಟ್ಟಿದ ಸೈಕಲ್ ಪಥದಲ್ಲಿ ಜಾರಿ ಅಣ್ಣನ ಮೊಣಕಾಲು ಹೋಯಿತು. ಡಾಕ್ಟರು ಇನ್ನು ಸ್ಕೀ ಬೇಡ ಎಂದರು. ಅಷ್ಟರಲ್ಲಿ ಕೆಲಸದ ಅವಧಿಯೂ ಮುಗಿದಿತ್ತು, ಮಗಳೊಂದಿಗೆ ಗಂಡ ಹೆಂಡತಿ ಉದ್ಯಾವರಕ್ಕೆ ಹೊರಟರು. ಹೊರಡುವ ಮುಂಚಿನ ಭಾನುವಾರ, ಬೂಟು ತೆಗೆದುಕೊಂಡು ಬಾ ಎಂದು ಫೋನ್ ಬಂತು. ಹೋದರೆ ಅಗಲದ ಸ್ಕೀಗಳನ್ನು ಊಟದ ಮೇಜಿನ ಮೇಲೆ ಮಲಗಿಸಿ, ಬೂಟನ್ನು ಹಿಡಿದಿಡುವ ಬೈಂಡಿಂಗನ್ನು ನನ್ನ ಅಳತೆಗೆ ಹೊಂದಿಸಲು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ.

"ತೂಕ ಎಷ್ಟು?"

ಹೇಳಿದೆ. ಕನ್ನಡಕದ ಮೇಲಿಂದ ನೋಡಿದರು. "ತೂಕದಲ್ಲಿ ಸುಳ್ಳು ಹೇಳ್ಬೇಡ. ಬೀಳುವಾಗ ಸರಿಯಾಗಿ ಬಿಚ್ಚಿಕೊಳ್ಳೂದಿಲ್ಲ."

ನಾಲ್ಕು ಕಿಲೋ ಸೇರಿಸಿ ಹೇಳಿದೆ. ಶಶಿ ಅಕ್ಕ ಒಳಗಿಂದ ನಕ್ಕದ್ದು ಕೇಳಿಸಿತು.

ಕಳೆದ ಫೆಬ್ರವರಿಯಲ್ಲಿ ಅದೇ ಊರಿಗೆ, ಅದೇ ಇಳಿಜಾರಿಗೆ ಹೋದೆ. ಇಡೀ ರಾತ್ರಿ ಸುರಿದಿತ್ತು. ಮೇಲೆ ನಿಂತು ಅಣ್ಣ ಕೊಟ್ಟಿದ್ದ ಸ್ಕೀ ಚೀಲದ ಹೊರಜೇಬು ಮೊದಲ ಸಲ ತೆರೆದರೆ ಎರಡು ಕೆಂಪು ಪಟ್ಟಿಗಳು, ಮಾರುದ್ದದವು. ಶಶಿ ಅಕ್ಕನ ಸೀರೆಯ ಅಂಚು, ಅಕ್ಕನದೇ ಒತ್ತೊತ್ತಾದ ಹೊಲಿಗೆ. ತುದಿಗೊಂದು ಕೊಕ್ಕೆ ಇತ್ತು. ಸ್ಕೀಗೆ ಸಿಕ್ಕಿಸಿಕೊಂಡರೆ, ಕಳಚಿ ಹುಗಿದರೂ ಹಿಮದ ಮೇಲೆ ಕೆಂಪು ಕಾಣುತ್ತದೆ. ನಾನು ಅಲ್ಲೇ ಅತ್ತುಬಿಟ್ಟೆ. ಕಟ್ಟಿಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ, ಹಿಂದೆ ಮಿಕ್ಸಿಯ ಸದ್ದು.

"ಹಿಮ ಎಂತದ್ದು?" ಎಂದರು, ಹಲೋ ಕೂಡ ಇಲ್ಲದೆ.

ಚಿಟಿಕೆ ಎತ್ತಿ ನಾಲಗೆಗಿಟ್ಟೆ. "ಅಕ್ಕಿಹಿಟ್ಟು ಅಣ್ಣಾ."

ಅವರು ಮಿಕ್ಸಿ ನಿಲ್ಲಿಸಲು ಹೇಳಿದ್ದು ಕೇಳಿಸಿತು.

"ಅಣ್ಣಾ, ಆವತ್ತು ನನ್ನಿಂದ ನಿಮ್ಮ ಬೆಳಗ್ಗೆ ಹಾಳಾಯ್ತು. ನಾನು ಸಾರಿ ಕೂಡ ಕೇಳಿಲ್ಲ."

"ಪಟ್ಟಿ ಕಟ್ಟಿದ್ದೀಯಾ?"

"ಕಟ್ಟಿದೀನಿ."

"ಮತ್ತೆ ಎಂತ ಮಾತು? ಬಿಸಿಲು ಬರ್ತದೆ, ಹೋಗು. ಫೋನ್ ಇಡ್ಬೇಡ, ಕಿಸೆಯಲ್ಲಿ ಹಾಕಿಕೊ."

ಎದೆಯ ಜೇಬಿಗೆ ಹಾಕಿ ಹೊರಟೆ. ಅವಸರ ಮಾಡಲಿಲ್ಲ. ಸ್ಕೀಗಳು ಮೂತಿ ಎತ್ತಿ ತೇಲಿದವು, ತಿರುವಿಗೆ ತಾವಾಗಿಯೇ ಮಗುಚಿದವು. ಕೆಳಗೆ ನಿಂತು, ಏದುಸಿರು ಬಿಡುತ್ತಾ ಫೋನ್ ತೆಗೆದೆ.

"ಅಣ್ಣಾ, ಕೇಳಿಸ್ತಾ?"

"ಇಲ್ಲ ಮಾರಾಯ್ತಿ" ಎಂದರು ಸದಾನಂದಣ್ಣ, ದನಿ ಒದ್ದೆಯಾಗಿತ್ತು. "ಎಂತ ಸಹ ಕೇಳ್ಲಿಲ್ಲ."