ಉಪ್ಪರಿಗೆಯ ಮೂಲೆಗೆ ಇಟ್ಟ ಬೊಟ್ಟು

ಕಳೆದ ವಾರ ಬಂಟ್ವಾಳದ ಅಕ್ಕನ ಮನೆಗೆ ಹೋದಾಗ ಅವಳು ತನ್ನ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯ ವಾಸನೆ ನಿಮಗೂ ಗೊತ್ತಿರಬಹುದು. ಎಲ್ಲರಿಗೂ ತೊಟ್ಟಿಲನ್ನು ನೆನಪಿಸುವ ಆ ವಾಸನೆ ನನಗೆ ಮಾತ್ರ ಒಂದು ಹಳೆಯ ತಪ್ಪನ್ನು ನೆನಪಿಸುತ್ತದೆ.

ನಾವು ಹುಟ್ಟಿ ಬೆಳೆದದ್ದು ಮೂಡುಬಿದಿರೆಯಲ್ಲಿ. ಅಕ್ಕನಿಗೆ ಹಳೆಯ ಕಟ್ಟಡಗಳ ಹುಚ್ಚು. ಭಾನುವಾರ ಬಂತೆಂದರೆ ಪೇಟೆಯ ಓಣಿಗಳನ್ನು ಸುತ್ತುವುದು, ಕೆತ್ತನೆಯ ಬಾಗಿಲೋ ವಾಲಿದ ಉಪ್ಪರಿಗೆಯೋ ಕಂಡರೆ ಎದುರಿನ ಜಗಲಿಯಲ್ಲಿ ಕೂತು ಬಣ್ಣದಲ್ಲಿ ಅದರ ಚಿತ್ರ ಬರೆಯುವುದು. ಹೆಣ್ಣುಮಗಳು ಒಬ್ಬಳೇ ತಿರುಗಬಾರದೆಂದು ಅಪ್ಪ ನನ್ನನ್ನು ಕಾವಲಿಗೆ ಕಳುಹಿಸುತ್ತಿದ್ದರು. ಐದನೆಯ ತರಗತಿಗೇ ಶಾಲೆ ಸಾಕೆಂದು ಮನೆಯಲ್ಲಿ ಉಳಿದವನಿಗೆ ಬೇರೆ ಕೆಲಸವೂ ಇರಲಿಲ್ಲ. ನೀರಿನ ಚೊಂಬು ಹಿಡಿದು ಹಿಂದೆ ಹೋಗುತ್ತಿದ್ದೆ. ದಿನಾ ಓಡಾಡುವ ಬೀದಿಯಲ್ಲಿಯೂ ಅವಳು ಬೆರಳು ತೋರಿಸುವವರೆಗೆ ನನಗೆ ಒಂದು ಕಂಬವೂ ಕಂಡದ್ದಿಲ್ಲ. ಹೋಟೆಲಿನ ಗೋಳಿಬಜೆ ಮಾತ್ರ ತೋರಿಸದೆಯೇ ಕಾಣುತ್ತಿತ್ತು.

ಅಕ್ಕನ ಶಾಲೆಯ ಡ್ರಾಯಿಂಗ್ ಮಾಸ್ತರರು ಮಂಗಳೂರಿನ ಪ್ರದರ್ಶನಕ್ಕೆಂದು ಅವಳಿಂದ ಒಂದು ಚಿತ್ರ ಕೇಳಿದರು. ಅದು ಆಯ್ಕೆಯಾದರೆ ಅವಳನ್ನು ಅಲ್ಲಿಗೇ ಚಿತ್ರ ಕಲಿಯಲು ಕಳುಹಿಸುವುದಾಗಿ ಅಪ್ಪ ಒಪ್ಪಿದ್ದರು. ಅಕ್ಕ ಬಸದಿಯ ಹಿಂದಿನ ಓಣಿಯ ಒಂದು ಉಪ್ಪರಿಗೆ ಮನೆಯನ್ನು ಆರಿಸಿದಳು. ಬರೆದು ಮುಗಿಸಿ, ಚಿತ್ರವನ್ನು ಗೋಡೆಗೆ ಒರಗಿಸಿಟ್ಟು, ಕುಂಚ ತೊಳೆಯಲು ಬಾವಿಕಟ್ಟೆಗೆ ಹೋದಳು. ಆಗ ಆ ಮನೆಯ ಅಜ್ಜಿ ಬಂದರು. ಇದು ಮಂಗಳೂರಿಗೆ ಹೋಗ್ತದೆ ಎಂದು ನಾನೇ ಜಂಬ ಕೊಚ್ಚಿದೆ.

"ಅಯ್ಯೋ, ಮನೆಯನ್ನು ಇದ್ದ ಹಾಗೇ ಬರೆದಿದ್ದಾಳಲ್ಲ! ಮಂಗಳೂರಿನವರ ಕಣ್ಣೆಲ್ಲ ನಮ್ಮ ಉಪ್ಪರಿಗೆ ಮೇಲೆ ಬೀಳ್ಲಿಕ್ಕಾ? ಒಂದು ಬೊಟ್ಟಾದರೂ ಇಡು ಮಗಾ."

ನನಗೂ ಸರಿಯೆನಿಸಿತು. ಚಂದದ ಮಗುವಿಗೆ ಇಡುವುದಿಲ್ಲವೇ? ಅಕ್ಕನ ಕಪ್ಪು ಬಣ್ಣದಲ್ಲಿ ಬೆರಳದ್ದಿ ಉಪ್ಪರಿಗೆಯ ಮೂಲೆಗೆ ಒತ್ತಿದೆ. ಕಾಗದ ಇನ್ನೂ ಹಸಿಯಿತ್ತು. ಬೊಟ್ಟು ಹರಡಿ ಗೋಡೆಯುದ್ದಕ್ಕೂ ಇಳಿಯಿತು. ಅಜ್ಜಿ ಸಮಾಧಾನದಿಂದ ಒಳಗೆ ಹೋದರು. ನಾನು ಬೆರಳನ್ನು ಚಡ್ಡಿಗೆ ಒರೆಸಿಕೊಂಡು ದೂರ ನಿಂತೆ.

ಅಕ್ಕ ಬಂದು ಚಿತ್ರ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು. "ಕೈ ನಡುಗಿ ಹನಿ ಬಿದ್ದಿದೆ. ನನ್ನ ಕೈಯೇ ಸರಿ ಇಲ್ಲ ಮಾರಾಯ."

ನಾನು ಬಾಯಿ ಬಿಡಲಿಲ್ಲ. ಮೊದಲು ಏಟಿನ ಭಯ. ದಿನ ಹೋದ ಹಾಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ ಎಂಬ ಭಯ. ಚಿತ್ರ ಮಂಗಳೂರಿಗೆ ಹೋಗಲಿಲ್ಲ, ಅವಳೂ ಹೋಗಲಿಲ್ಲ. ಮತ್ತೆ ಕುಂಚ ಮುಟ್ಟದೆ, ಮದುವೆಯಾಗಿ ಬಂಟ್ವಾಳಕ್ಕೆ ಹೋದಳು.

ಕಳೆದ ವಾರ ಕೂಸಿನ ಕೆನ್ನೆಯ ಬೊಟ್ಟು ನೋಡುತ್ತಿದ್ದಂತೆ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

"ಹಾಗಾದ್ರೆ ನನ್ನ ಕೈ ನಡುಗಿದ್ದಲ್ವಾ?"

"ಅಲ್ಲ ಅಕ್ಕ. ನಾನೇ ಇಟ್ಟದ್ದು."

ತಲೆಗೆ ಬಲವಾಗಿ ಮೊಟಕಿದಳು. "ಇಷ್ಟು ವರ್ಷ ಬಾಯಲ್ಲಿ ಎಂಥ ಅವಲಕ್ಕಿ ತುಂಬಿಸಿಕೊಂಡಿದ್ದಿ ಮಂಗ? ಸಾರು ಬಡಿಸುವಾಗಲೂ ನಾನು ಈ ಕೈಯನ್ನು ನಂಬುದಿಲ್ಲ, ಗೊತ್ತುಂಟಾ ನಿನಗೆ?" ಎಂದಳು. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

ಮರುದಿನ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಅಂಗಡಿಯಿಂದ ಬಣ್ಣ ಕೊಂಡು, ಹೊಳೆಬದಿಯ ಹಳೆಯ ಪೇಟೆಗೆ ನನ್ನನ್ನು ಎಳೆದುಕೊಂಡು ಹೋದಳು. "ಆ ಮೇಲಿನ ಕಿಟಕಿ ನೋಡು. ಮದುವೆಯಾಗಿ ಬಂದಾಗಿನಿಂದ ನೋಡ್ತಾ ಇದ್ದೇನೆ. ನೀನು ಅಲ್ಲಿ ಕೂತ್ಕೋ. ಎರಡೂ ಕೈ ನನಗೆ ಕಾಣ್ಬೇಕು!"

ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತೆ. ಇರುವೆ ಹತ್ತಿದರೂ ಕೊಡವಲಿಲ್ಲ. ಅಕ್ಕ ಎಳೆದ ಮೊದಲ ಗೆರೆ, ಹೆಂಚಿನ ಮಾಡಿನಿಂದ ಹೊಸ್ತಿಲವರೆಗೆ, ಎಲ್ಲೂ ನಿಲ್ಲದೆ ಇಳಿಯಿತು.